ಭಾನುವಾರ ಹೊರಡುವ ಮೊದಲು ಟೈರ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಮೇಲುಕೋಟೆಗೆ ಐದು ಗಾಡಿ ಹೊರಡುತ್ತಿವೆ, ಎಲ್ಲವೂ ಭರ್ತಿ. ಅದಕ್ಕೇ ಈ ಮಾತು.

ಗಾಳಿ ಎಷ್ಟಿರಬೇಕು ಅಂತ ಪಂಕ್ಚರ್ ಅಂಗಡಿಯವರನ್ನು ಕೇಳಬೇಡಿ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದಲ್ಲೇ ಚೀಟಿ ಅಂಟಿಸಿರುತ್ತಾರೆ. ತುಂಬಿದ ಗಾಡಿಗೆ ಸಾಮಾನ್ಯವಾಗಿ ಬೇರೆ ಲೆಕ್ಕವೇ ಇರುತ್ತದೆ, ಅದನ್ನೇ ನೋಡಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಹಾಕಿಸಿ. ಶ್ರೀರಂಗಪಟ್ಟಣದವರೆಗೆ ಓಡಿಸಿ ನೋಡಿದರೆ ಜಾಸ್ತಿ ತೋರಿಸುತ್ತದೆ, ಆಗ ಸುಮ್ನೆ ಗಾಳಿ ಬಿಡಿಸಬೇಡಿ. ಗಾಳಿ ಕಮ್ಮಿಯಾದ ಟೈರೇ ಬೇಗ ಕಾದು ಸಿಡಿಯುವುದು.

ಹೊಸ ಟೈರ್ ಕೊಳ್ಳುವವರು ತಯಾರಾದ ದಿನ ನೋಡಿ. ಹೋದ ತಿಂಗಳು ಮೈಸೂರಿನ ಒಂದು ಅಂಗಡಿಯಲ್ಲಿ ನನಗೆ ‘ಹೊಸಾ ಮಾಲು ಸಾರ್’ ಎಂದು ಕೊಟ್ಟರು. ಮಿರಮಿರ ಮಿಂಚುತ್ತಿತ್ತು, ರಬ್ಬರ್ ಕೂದಲೂ ಹಾಗೇ ಇತ್ತು. ಬದಿಯಲ್ಲಿ ಮಾತ್ರ 2320 ಎಂಬ ನಾಲ್ಕು ಅಂಕಿ! ಅಂದರೆ 2020ರ 23ನೇ ವಾರದ್ದು. ಬೇಡ ಎಂದು ಎದ್ದು ಬಂದೆ.

ಗೀರುಗಳ ಒಳಗೆ ಅಲ್ಲಲ್ಲಿ ಚಿಕ್ಕ ಉಬ್ಬು ಇರುತ್ತದೆ. ಟೈರ್ ಸವೆದು ಅದರ ಮಟ್ಟಕ್ಕೆ ಬಂದಿದ್ದರೆ ಉಳಿದಿರುವುದು 1.6 ಮಿ.ಮೀ. ಅಷ್ಟೇ, ಆ ಗಾಡಿ ತರಬೇಡಿ. ಜಾಗ ಹೊಂದಿಸೋಣ.

ಸ್ಟೆಪ್ನಿಗೂ ಗಾಳಿ ಹಾಕಿಸಿ. ಅದನ್ನು ಎಲ್ಲರೂ ಮರೆಯುತ್ತೇವೆ, ಅಲ್ವಾ? ನೋಡಿದವರು ಶನಿವಾರ ಸಂಜೆಯೊಳಗೆ ಇಲ್ಲಿ ‘ಆಯ್ತು’ ಎಂದು ಹಾಕಿ.