ಜಾಯಿಕಾಯಿ ಮರ ಮತ್ತು ಸಾಲದ ಕಂತು

ಪ್ರೀತಿಯ ಪುಟ್ಟಿ,

ಲಂಡನ್ನಿನಲ್ಲಿ ಕೆಲಸ ಸಿಕ್ಕಿತು ಅಂತ ನಿನ್ನ ಅಪ್ಪ ಫೋನ್ ಮಾಡಿದ್ದ. ಖುಷಿಯಾಯಿತು. ದೇಶದೇಶಗಳಿಗೇ ಸಾಲ ಕೊಡುವ ಕಡೆ, ಅದೂ ಹವಾಮಾನದ ಹೆಸರಿನ ಸಾಲ! ನಾನು ಶಿರಸಿ ಕಡೆಯ ಹಳ್ಳಿ ಶಾಖೆಗಳಲ್ಲಿ ಬೆಳೆಸಾಲ ಕೊಟ್ಟುಕೊಂಡಿದ್ದವನು, ನಿನಗೆ ಹೇಳೋದೇನು ಅಂತ ಸುಮ್ಮನಿದ್ದೆ. ಆಮೇಲೆ ನಿನ್ನ ಮೆಸೇಜ್ ಬಂತು, "ದೊಡ್ಡಪ್ಪ, ವರ್ಷಕ್ಕೆ 300 ಬಿಲಿಯನ್ ಡಾಲರ್!" ಅಂತ. ಆಗ ಪೆನ್ನು ಹುಡುಕಿದೆ.

ಆ 300 ಬಿಲಿಯನ್ 2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಒಪ್ಪಿದ್ದು, ಶ್ರೀಮಂತ ದೇಶಗಳು ಮುಂದೆ ನಿಂತು ಬಡ ದೇಶಗಳಿಗೆ ಒದಗಿಸಬೇಕಾದ ಹಣ. ಕೊಡೋದು 2035ರ ಹೊತ್ತಿಗೆ. ಅದಕ್ಕೂ ಹಿಂದಿನ ಮಾತು 100 ಬಿಲಿಯನ್: 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಹೇಳಿದ್ದು, 2020ಕ್ಕೆ ಕೊಡಬೇಕಿತ್ತು, ಆ ಅಂಕಿ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಸರ್ಕಾರಿ ಹಣದ ಮೂರರಲ್ಲಿ ಎರಡು ಪಾಲು ಸಾಲ. ಅಂದರೆ ಇವರ ಹೊಗೆಯಿಂದ ಅವರ ಮನೆ ಮಾಡು ಹಾರಿಹೋದರೆ, ಹೆಂಚು ತರಲಿಕ್ಕೆ ಇವರೇ ದುಡ್ಡು ಕೊಟ್ಟು ಬಡ್ಡಿ ಎಣಿಸುತ್ತಾರೆ, ಅದನ್ನು ಸಹಾಯ ಅಂತ ಬರೆದುಕೊಳ್ಳುತ್ತಾರೆ. ಇಂಥವರಿಗೆ ನಮ್ಮೂರಲ್ಲಿ ಏನಂತಾರೆ ಅಂತ ಅಜ್ಜಿಯನ್ನು ಕೇಳು, ನಾನು ಬರೆಯಲಾರೆ.

ಅದಕ್ಕೇ ಹೇಳೋದು, ಮೊತ್ತ ನೋಡಿ ಬೆರಗಾಗಬೇಡ. ಸಾಲಪತ್ರದ ಕೊನೇ ಪುಟದ ಸಣ್ಣಕ್ಷರ ಓದು. ಬಿಡುವಾದಾಗ ಗ್ರೆನಡಾದ ಕಥೆ ತೆಗೆದು ನೋಡು. ಕೆರಿಬಿಯನ್ ಸಮುದ್ರದ ಸಣ್ಣ ದೇಶ, ಬಾವುಟದ ಮೇಲೇ ಜಾಯಿಕಾಯಿ ಇದೆ. 2004ರಲ್ಲಿ ಐವನ್ ಚಂಡಮಾರುತ ಬಂದು ಹತ್ತರಲ್ಲಿ ಒಂಬತ್ತು ಮನೆಗೆ ಪೆಟ್ಟು ಕೊಟ್ಟಿತು, ಜಾಯಿಕಾಯಿ ತೋಟಗಳನ್ನು ಮಲಗಿಸಿತು. ನಮ್ಮ ಅಡಿಕೆ ತೋಟದ ಜಾಯಿಕಾಯಿ ನಿನಗೆ ಗೊತ್ತಲ್ವಾ, ಕೆಂಪು ಜಾಪತ್ರೆ ಬಿಡಿಸಿ ಉಗುರಿಗೆ ಅಂಟಿಸಿಕೊಂಡು ಓಡಾಡ್ತಿದ್ದೆ. ಬೀಜದ ಗಿಡ ಫಲ ಕೊಡಲಿಕ್ಕೆ ಏಳೆಂಟು ವರ್ಷ ಬೇಕು. ಅಷ್ಟು ಕಾದ ಮೇಲೂ ಅದು ಗಂಡು ಮರ ಅಂತಾದರೆ ಕಾಯೇ ಇಲ್ಲ. ಸಾಲದ ಕಂತು ಮಾತ್ರ ತಾರೀಕಿಗೆ ಸರಿಯಾಗಿ ಬಂದು ನಿಲ್ಲುತ್ತದೆ.

ಗ್ರೆನಡಾ 2005ರಲ್ಲಿ ಸಾಲದ ಗಡುವು ಬದಲಿಸಿಕೊಂಡಿತು, 2013ರಲ್ಲಿ ಮತ್ತೆ ಕಟ್ಟಲಾಗದೆ ಕೈಚೆಲ್ಲಿತು. 2015ರಲ್ಲಿ ಸಾಲ ಕೊಟ್ಟವರ ಎದುರು ಕೂತು ಒಂದು ಹೊಸ ಷರತ್ತು ಬರೆಸಿತು: ದೊಡ್ಡ ಚಂಡಮಾರುತ ಬಂದರೆ ಕಂತು ಮುಂದೆ ಹೋಗಬೇಕು, ಯಾರ ಕಾಲೂ ಹಿಡಿಯಬೇಕಿಲ್ಲ. 2024ರ ಜುಲೈ 1ಕ್ಕೆ ಬೆರಿಲ್ ಚಂಡಮಾರುತ ಬಂದು ಗ್ರೆನಡಾದ್ದೇ ಆದ ಕ್ಯಾರಿಯಾಕೂ ದ್ವೀಪವನ್ನು ಚಿಂದಿ ಮಾಡಿದಾಗ ಆ ಸಾಲುಗಳೇ ಕೆಲಸಕ್ಕೆ ಬಂದವು. ಬಾರ್ಬಡೋಸ್‌ನ ಪ್ರಧಾನಿ ಮಿಯಾ ಮೋಟ್ಲಿ 2022ರಿಂದ ಹೋದಲ್ಲೆಲ್ಲ ಕೇಳ್ತಿರೋದರಲ್ಲಿ ಇದೂ ಒಂದು. ವಿಶ್ವ ಬ್ಯಾಂಕ್ ಕೂಡ 2023ರಲ್ಲಿ ಸಣ್ಣ ದೇಶಗಳಿಗೆ ಇಂಥ ಷರತ್ತು ಕೊಡಲು ಒಪ್ಪಿತು. ಇದು ಮುಂದೂಡಿಕೆ, ಮಾಫಿ ಅಲ್ಲ. ಆದರೆ ಮಾಡು ಇಲ್ಲದ ತಿಂಗಳಲ್ಲಿ ಕೈಯಲ್ಲಿ ದುಡ್ಡು ಉಳಿಯೋದು ಸಣ್ಣ ಮಾತಲ್ಲ.

ನನಗಿದು ಯಾಕೆ ತಾಗಿತು ಗೊತ್ತಾ? ಒಂದು ಮಳೆಗಾಲ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲೂ ಮಳೆ ಬಿಡುವು ಕೊಡಲಿಲ್ಲ. ಕೊಳೆರೋಗ ಬಂದ ತೋಟವೊಂದನ್ನು ನೋಡಲು ಹೋದೆ. ನೆಲದ ತುಂಬ ಹಸಿರು ಅಡಿಕೆ, ಕಾಲಿಟ್ಟಲ್ಲೆಲ್ಲ ಜಾರುತ್ತಿತ್ತು, ಹುಳಿ ವಾಸನೆ. ಆ ಮನುಷ್ಯ ಒಂದೂ ಮಾತಾಡದೆ ಕವಳದ (ಎಲೆಅಡಿಕೆ) ತಟ್ಟೆ ಮುಂದಿಟ್ಟ. ಕವಳ ಹಾಕಿ ಬಂದೆ, ಮಾರನೇ ವಾರ ಅವನ ಹೆಸರಿನ ನೋಟಿಸಿಗೆ ನಾನೇ ಸಹಿ ಹಾಕಿದೆ. ಸಾಲದ ಅವಧಿ ಬದಲಿಸಲು ನಿಯಮ ಇತ್ತು, ಆದರೆ ವಿಕೋಪ ಅನ್ನೋ ಘೋಷಣೆ ಮೇಲಿನಿಂದ ಬರಬೇಕಿತ್ತು. ಬರಲಿಲ್ಲ. ಇನ್ನೊಂದು ಅರ್ಜಿ ಬರೆದು ಮೇಲೆ ಕಳಿಸಬಹುದಿತ್ತು, ಬರೆಯಲಿಲ್ಲ. ಅವನು ಆಮೇಲೂ ಪೇಟೆಯಲ್ಲಿ ಸಿಕ್ಕಿದರೆ ನಮಸ್ಕಾರ ಹೇಳುತ್ತಿದ್ದ, ಅದೇ ಕಷ್ಟ.

ಹಾಗಾಗಿ ಷರತ್ತು ಇದೆ ಅಂದರೆ ಸಾಕಾಗದು. ನಷ್ಟ ಅಳೆಯೋರು ಯಾರು, ಯಾವುದರಿಂದ ಅಳೀತಾರೆ ಅಂತ ಕೇಳು. ಅದೇ ಬೆರಿಲ್ ಜಮೈಕಾಕ್ಕೂ ಹೊಡೆಯಿತು. ಅವರ ಹತ್ತಿರ 150 ಮಿಲಿಯನ್ ಡಾಲರಿನ ವಿಪತ್ತು ಬಾಂಡ್ ಇತ್ತು, ಅಂದರೆ ಷರತ್ತಿಗೆ ಸರಿಹೊಂದುವ ಚಂಡಮಾರುತ ಬಂದರೆ ಹಣ ಸಿಗುವ ಒಂಥರಾ ವಿಮೆ. ಚಂಡಮಾರುತದ ವಾಯುಭಾರ ಷರತ್ತಿನಲ್ಲಿ ಬರೆದಷ್ಟು ಇಳಿಯಲಿಲ್ಲ ಅಂತ ಒಂದು ಡಾಲರೂ ಬರಲಿಲ್ಲ! ನಮ್ಮಲ್ಲಿ ಪಂಚಾಯ್ತಿ ಮಳೆಮಾಪಕ ನೋಡಿ ಬೆಳೆವಿಮೆ ಕೊಡ್ತಾರಲ್ಲ, ಮಳೆ ಗುಡ್ಡದ ಈಚೆ ಸುರಿದು ಮಾಪಕ ಆಚೆ ಇದ್ದ ಹಾಗೆ.

ಇನ್ನೊಂದು. ಮೀಟಿಂಗಿನಲ್ಲಿ "ಈ ದೇಶಕ್ಕೆ ರಿಸ್ಕ್ ಜಾಸ್ತಿ, ಬಡ್ಡಿ ಏರಿಸಿ" ಅಂತಾರೆ. ಆಫ್ರಿಕಾದ ದೇಶಗಳು ಅಮೆರಿಕಕ್ಕಿಂತ ಸರಾಸರಿ ನಾಲ್ಕು ಪಟ್ಟು ಬಡ್ಡಿಗೆ ಸಾಲ ತರುತ್ತವೆ ಅಂತ ವಿಶ್ವಸಂಸ್ಥೆ 2023ರಲ್ಲೇ ಬರೆದಿದೆ. ಆ ರಿಸ್ಕಿನಲ್ಲಿ ಗಾಳಿಮಳೆಯ ಪಾಲು ಎಷ್ಟು, ಆ ಗಾಳಿಮಳೆ ಕೆಡಿಸಿದವರು ಯಾರು ಅಂತ ಒಂದು ಸಲವಾದರೂ ಬಾಯಿಬಿಟ್ಟು ಕೇಳು. ಹೊಸಬಳು ಅಂತ ಅಂಜಬೇಡ. ಹೊಸದರಲ್ಲಿ ಕೇಳದವರು ಹಳಬರಾದ ಮೇಲೆ ಕೇಳಿದ್ದನ್ನು ನಾನಂತೂ ನೋಡಿಲ್ಲ, ನನ್ನನ್ನೂ ಸೇರಿಸಿ.

ದೊಡ್ಡಮ್ಮ ಜಾಯಿಕಾಯಿ ಸಿಪ್ಪೆಯ ಉಪ್ಪಿನಕಾಯಿ ಹಾಕಿದ್ದಾಳೆ, ಬರುವವರ ಕೈಲಿ ಕಳಿಸುತ್ತೇವೆ. ಬಾವಿ ಹತ್ತಿರ ನೀನು ನೆಟ್ಟ ಗಿಡ ಈ ಸಲ ಮೊದಲ ಹೂ ಬಿಟ್ಟಿತು. ಗಂಡು.

ನಿನ್ನ
ದೊಡ್ಡಪ್ಪ