ಚಿನ್ನ ಕೆಂಪಾಗುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ನೋಡಲಿ

ಮಾನ್ಯ ಸಂಪಾದಕರೇ,

ಎನ್‌ಸಿಇಆರ್‌ಟಿಯ 12ನೇ ತರಗತಿ ರಸಾಯನಶಾಸ್ತ್ರ ಪುಸ್ತಕದಿಂದ ‘ಘನಸ್ಥಿತಿ’, ‘ಮೇಲ್ಮೈ ರಸಾಯನಶಾಸ್ತ್ರ’ ಎರಡೂ ಅಧ್ಯಾಯಗಳನ್ನು ಕೈಬಿಡಲಾಗಿದೆ. ಅರೆವಾಹಕಗಳ ವಿಷಯ ಇದ್ದದ್ದು ಒಂದರಲ್ಲಿ, ಕಣದ ಗಾತ್ರ ಬದಲಾದಂತೆ ಚಿನ್ನದ ದ್ರಾವಣದ ಬಣ್ಣ ಬದಲಾಗುವ ವಿಷಯ ಇನ್ನೊಂದರಲ್ಲಿ. ಕ್ವಾಂಟಮ್ ಡಾಟ್‌ಗಳಿಗೆ, ಅಂದರೆ ಕೆಲವೇ ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯ ಒಂದು ಭಾಗ) ಗಾತ್ರದ ಅರೆವಾಹಕ ಹರಳುಗಳಿಗೆ, ನೊಬೆಲ್ ಬಂದ 2023ರಲ್ಲೇ ಹೀಗಾದದ್ದು ಬೇಸರದ ಸಂಗತಿ. ಪುಸ್ತಕ ಮತ್ತೆ ಬದಲಾಗಲಿ ಎಂದು ಕಾಯುವ ಬದಲು, ನಮ್ಮ ವಿಶ್ವವಿದ್ಯಾಲಯಗಳು ಬಿ.ಎಸ್ಸಿ. ಮೊದಲ ವರ್ಷದ ಪ್ರಾಯೋಗಿಕ ತರಗತಿಗೆ ನ್ಯಾನೊ ಚಿನ್ನದ, ಅಂದರೆ ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಚಿನ್ನದ ಕಣಗಳ, ತಯಾರಿಕೆಯನ್ನು ಸೇರಿಸಲಿ.

ರಸಾಯನಶಾಸ್ತ್ರಜ್ಞ ಟರ್ಕೆವಿಚ್ ಮತ್ತು ಸಂಗಡಿಗರು 1951ರಲ್ಲಿ ವಿವರಿಸಿದ ಈ ವಿಧಾನಕ್ಕೆ ಬಿಸಿ ಮಾಡುವ ಮ್ಯಾಗ್ನೆಟಿಕ್ ಸ್ಟಿರರ್ ಒಂದಿದ್ದರೆ ಸಾಕು. 1 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲದ (ಇದೇ ಚಿನ್ನದ ಲವಣ) 20 ಮಿ.ಲೀ. ದ್ರಾವಣವನ್ನು ಕಲಕುತ್ತಾ ಕೊತಕೊತ ಕುದಿಸಿ, ಶೇ 1ರ ಟ್ರೈಸೋಡಿಯಂ ಸಿಟ್ರೇಟ್ ದ್ರಾವಣ 2 ಮಿ.ಲೀ. ಒಮ್ಮೆಲೇ ಸುರಿಯಬೇಕು. ತಿಳಿಹಳದಿ ಬಣ್ಣ ಮೊದಲು ಮಾಯವಾಗುತ್ತದೆ, ಆಮೇಲೆ ಕಪ್ಪುನೀಲಿ, ನೇರಳೆ, ಸುಮಾರು 10 ನಿಮಿಷದೊಳಗೆ ಮಾಣಿಕ್ಯದ ಕೆಂಪು. ಸುಮಾರು 13 ನ್ಯಾನೊಮೀಟರ್ ವ್ಯಾಸದ ಕಣಗಳು ಸಿಗುತ್ತವೆ. ಒಂದೊಂದರಲ್ಲೂ 68 ಸಾವಿರದಷ್ಟು ಚಿನ್ನದ ಪರಮಾಣುಗಳಿರುತ್ತವೆ.

ಕೆಡುವುದು ಹೆಚ್ಚಾಗಿ ಗಾಜಿನ ಪಾತ್ರೆಯಿಂದ. ಹಿಂದಿನ ಪ್ರಯೋಗದ ಕಲೆ ಉಳಿದಿದ್ದರೆ ಚಿನ್ನ ಅಲ್ಲೇ ಅಂಟಿ ಬೆಳೆಯುತ್ತದೆ. ಚಿನ್ನವನ್ನೂ ಕರಗಿಸುವ ಪ್ರಬಲ ಆಮ್ಲಮಿಶ್ರಣ ಆಕ್ವಾ ರೀಜಿಯಾದಿಂದ ತೊಳೆಯುವುದು ರೂಢಿ, ಆದರೆ ಅದನ್ನು ವಿದ್ಯಾರ್ಥಿಗಳ ಕೈಗೆ ಕೊಡಲೇಬಾರದು. ವಿಷಾನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದ ಕಾಲೇಜುಗಳು ಹೊಸ ಫ್ಲಾಸ್ಕ್‌ಗಳನ್ನು ಇದಕ್ಕೇ ಮೀಸಲಿಡುವುದು ಕ್ಷೇಮ. ನಲ್ಲಿ ಅಥವಾ ಬೋರ್‌ವೆಲ್ ನೀರು ಬಳಸಿದರೆ ಅದರಲ್ಲಿನ ಕ್ಯಾಲ್ಸಿಯಂ ಕಣಗಳನ್ನು ಒಂದಕ್ಕೊಂದು ಅಂಟಿಸಿ ನೀಲಿ ಮಾಡಿಬಿಡುತ್ತದೆ, ಡಿಸ್ಟಿಲ್ಡ್ ವಾಟರೇ ಬೇಕು. ಚಿನ್ನದ ಲವಣ ಗಾಳಿಯ ತೇವ ಹೀರುತ್ತದೆ, ಲೋಹದ ಸ್ಪ್ಯಾಚುಲಾವನ್ನು ತಿನ್ನುತ್ತದೆ. ಹಾಗಾಗಿ ಚಮಚ ಚಮಚ ತೂಗುವ ಗೋಜಿಗೆ ಹೋಗದೆ ಇಡೀ ಸೀಸೆಯನ್ನು ಒಮ್ಮೆಗೇ ಕರಗಿಸಿ ಸ್ಟಾಕ್ ದ್ರಾವಣ ಮಾಡಿಡಬೇಕು. ಸಿಟ್ರೇಟ್ ಕಡಿಮೆಯಾದರೆ ಕಣಗಳು ದೊಡ್ಡದಾಗಿ ಬಣ್ಣ ನೇರಳೆಯತ್ತ ವಾಲುತ್ತದೆ. ತಯಾರಾದ ದ್ರಾವಣವನ್ನು ಫ್ರೀಜರ್‌ನಲ್ಲಿಟ್ಟು ಹೆಪ್ಪುಗಟ್ಟಿಸಿದರೆ ಕಣಗಳು ಗಂಟುಕಟ್ಟುತ್ತವೆ, ಮತ್ತೆ ಬಿಡಿಯಾಗುವುದಿಲ್ಲ.

ಮುಂದಿನ ಭಾಗವೇ ನಿಜವಾದ ಪಾಠ. ಎರಡು ಪ್ರನಾಳಗಳಲ್ಲಿ 3 ಮಿ.ಲೀ. ದ್ರಾವಣ ಹಾಕಿ, ಒಂದಕ್ಕೆ ಉಪ್ಪುನೀರು, ಇನ್ನೊಂದಕ್ಕೆ ಸಕ್ಕರೆ ನೀರು ಹನಿಹನಿಯಾಗಿ ಬಿಡಿ. ಉಪ್ಪು ಬಿದ್ದದ್ದು ನೀಲಿಗೆ ತಿರುಗುತ್ತದೆ, ಸಕ್ಕರೆ ಬಿದ್ದದ್ದು ಕೆಂಪಾಗಿಯೇ ಇರುತ್ತದೆ. ಸಿಟ್ರೇಟ್‌ನ ಋಣ ವಿದ್ಯುದಾವೇಶ ಕಣಗಳನ್ನು ದೂರ ಇಟ್ಟಿರುತ್ತದೆ, ಉಪ್ಪಿನ ಅಯಾನುಗಳು ಆ ವಿಕರ್ಷಣೆಯನ್ನು ಮರೆಮಾಡುತ್ತವೆ. ಗರ್ಭಧಾರಣೆ ಪರೀಕ್ಷೆಯ ಹಲವು ಕಿಟ್‌ಗಳಲ್ಲಿ ಮೂಡುವ ಕೆಂಪು ಗೆರೆಯೂ ಇಂಥ ಚಿನ್ನದ ಕಣಗಳದ್ದೇ.

ಅಧ್ಯಾಪಕರು ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ಚಿನ್ನದ ಕೆಂಪನ್ನೂ ಕ್ವಾಂಟಮ್ ಡಾಟ್‌ನ ಬಣ್ಣವನ್ನೂ ಒಂದೇ ಉಸಿರಿನಲ್ಲಿ ಹೇಳುವುದು ತಪ್ಪು. ಚಿನ್ನದ ಕಣದಲ್ಲಿ ಸ್ವತಂತ್ರ ಎಲೆಕ್ಟ್ರಾನ್‌ಗಳು ಒಟ್ಟಾಗಿ ತೊನೆದಾಡುತ್ತಾ 520 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕನ್ನು ಹೀರುತ್ತವೆ. ಕಣ 100 ನ್ಯಾನೊಮೀಟರಿಗೆ ಬೆಳೆದರೂ ಹೀರಿಕೆಯ ಶಿಖರ 570ರ ಸುತ್ತಮುತ್ತಲಷ್ಟೇ. ಕ್ವಾಂಟಮ್ ಡಾಟ್ ಆಗುವ ಕ್ಯಾಡ್ಮಿಯಂ ಸೆಲೆನೈಡ್ ಅರೆವಾಹಕದ ಕಥೆಯೇ ಬೇರೆ. ಅದರ ದೊಡ್ಡ ಹರಳಿನಲ್ಲಿ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯಲು ದಾಟಬೇಕಾದ ಶಕ್ತಿಯ ಅಂತರ ಸುಮಾರು 1.74 ಎಲೆಕ್ಟ್ರಾನ್ ವೋಲ್ಟ್. ಹರಳು ಕೆಲವೇ ನ್ಯಾನೊಮೀಟರಿಗೆ ಕುಗ್ಗಿದಾಗ ಎಲೆಕ್ಟ್ರಾನ್‌ಗೆ ಜಾಗ ಸಾಲದೆ ಆ ಅಂತರ ಹಿಗ್ಗುತ್ತದೆ. 6 ನ್ಯಾನೊಮೀಟರಿನದು ಕೆಂಪಾಗಿ, 2 ನ್ಯಾನೊಮೀಟರಿನದು ನೀಲಿಯಾಗಿ ಬೆಳಗುತ್ತದೆ. ಕ್ಯಾಡ್ಮಿಯಂ ವಿಷಕಾರಿ, ಹಾಗಾಗಿ ಅದನ್ನು ಬೋರ್ಡಿನ ಮೇಲೆ ಕಲಿಸಿದರೆ ಸಾಕು.

ಚಿನ್ನ ಎಂದೊಡನೆ ಪ್ರಾಂಶುಪಾಲರು ಖರ್ಚಿಗೆ ಹೆದರುವುದು ಸಹಜ. ಆದರೆ ಒಂದು ತಯಾರಿಕೆಗೆ ಬೇಕಾಗುವ ಲವಣ 8 ಮಿಲಿಗ್ರಾಂ, ಅದರಲ್ಲಿ ಚಿನ್ನ 4 ಮಿಲಿಗ್ರಾಂ. ಒಂದು ಗ್ರಾಂ ಸೀಸೆ 120ಕ್ಕೂ ಹೆಚ್ಚು ತಯಾರಿಕೆಗೆ ಸಾಕು. ಇಬ್ಬರಿಗೊಂದು ಫ್ಲಾಸ್ಕ್ ಕೊಟ್ಟರೂ ಕೆಲವು ವರ್ಷ ನಡೆಯುತ್ತದೆ. ಬಳಸಿದ ದ್ರಾವಣವನ್ನು ಸಿಂಕಿಗೆ ಚೆಲ್ಲದೆ ಒಂದು ಬಾಟಲಿಯಲ್ಲಿ ಸೇರಿಸಿ ಉಪ್ಪು ಹಾಕಿಟ್ಟರೆ ಚಿನ್ನ ತಳಕ್ಕೆ ಇಳಿಯುತ್ತದೆ, ಸೋಸಿ ಎತ್ತಿಡಬಹುದು.

ರಸಾಯನಶಾಸ್ತ್ರ ಉಪನ್ಯಾಸಕರು, ತುಮಕೂರು