ಮಗಳಿಗೊಂದು ಪತ್ರ: ಕೊಂದವರು ಯಾರೆಂದು ಮೊದಲು ನಿನಗೆ ಗೊತ್ತಿರಲಿ

ಪ್ರೀತಿಯ ಮಗಳೇ,

ನೀನು ಕಳಿಸಿದ ಹನ್ನೊಂದು ಅಧ್ಯಾಯಗಳನ್ನೂ ಓದಿದೆ. ಹಳೇ ಅಚ್ಚುಕೂಟ, ಅದರ ಮಹಡಿಯ ಮೇಲೆ ಒಂಟಿಯಾಗಿ ಬದುಕುವ ಯಜಮಾನ, ಗುರುವಾರ ರಾತ್ರಿ ಅವನ ಸಾವು, ಬೆಳಿಗ್ಗೆ ಆರಕ್ಕೆ ಅಡುಗೆಯಾಕೆ ಬಾಗಿಲು ತೆಗೆಯುವುದು, ಇಷ್ಟೂ ಚೆನ್ನಾಗಿ ಬಂದಿದೆ. ಹನ್ನೆರಡನೇ ಅಧ್ಯಾಯಕ್ಕೆ ಕೈ ಓಡುತ್ತಿಲ್ಲ ಎಂದು ಬರೆದಿದ್ದೀಯ. ಕೊಂದವರು ಯಾರೆಂದು ನೀನಿನ್ನೂ ತೀರ್ಮಾನಿಸಿಲ್ಲ, ತೊಂದರೆ ಇರುವುದು ಅಲ್ಲೇ. ಬರೆಯುತ್ತಾ ಹೋದರೆ ತಾನಾಗಿ ಹೊಳೆಯುತ್ತದೆ ಎಂಬ ನಂಬಿಕೆ ಬೇರೆ ಕಾದಂಬರಿಗಳಲ್ಲಿ ನಡೆದೀತು. ಪತ್ತೇದಾರಿಯಲ್ಲಿ ಅದು ನಡುವಿನಲ್ಲೇ ಕೈಕೊಡುತ್ತದೆ.

ಪತ್ತೇದಾರಿ ಕಾದಂಬರಿಯೊಳಗೆ ಎರಡು ಕಥೆ ಇರುತ್ತವೆ. ಒಂದು, ಆ ರಾತ್ರಿ ನಿಜವಾಗಿ ನಡೆದದ್ದು. ಇನ್ನೊಂದು, ಅದನ್ನು ಯಾರೋ ಪತ್ತೆ ಹಚ್ಚಿದ್ದು. ಓದುಗರ ಕೈಗೆ ಸಿಗುವುದು ಎರಡನೆಯದು ಮಾತ್ರ. ಆದರೆ ಮೊದಲನೆಯದನ್ನು ನೀನು ಪೂರ್ತಿ ಬರೆದಿಡಬೇಕು. ನಾಲ್ಕೈದು ಪುಟ ಸಾಕು. ಕೊಂದವನ ಬೆನ್ನಿಗೆ ನಿಂತು ಅವನ ದಿನವನ್ನು ಗಂಟೆಗಂಟೆಗೂ ಬರೆ: ಯಾವಾಗ ಹೊರಟ, ಯಾವ ಬಾಗಿಲಿಂದ ಬಂದ, ಏನು ಮುಟ್ಟಿದ, ಏನು ಮರೆತ. ಈ ಪುಟಗಳು ಪುಸ್ತಕಕ್ಕೆ ಬರುವುದಿಲ್ಲ, ಆದರೆ ಪುಸ್ತಕ ನಿಲ್ಲುವುದು ಅವುಗಳ ಮೇಲೆ.

ನಿನ್ನ ಪಾತ್ರಗಳನ್ನು ನೋಡಿದರೆ ಕೊಂದವನು ಲೆಕ್ಕ ಬರೆಯುವವನೇ ಆಗಬೇಕು ಅನ್ನಿಸುತ್ತದೆ. ಮೂರನೇ ಅಧ್ಯಾಯದಲ್ಲೇ ಅವನು ಬಂದಿದ್ದಾನೆ, ಎಲ್ಲರಿಗೂ ಬೇಕಾದವನಾಗಿದ್ದಾನೆ, ಅವನಿಲ್ಲದೆ ಅಚ್ಚುಕೂಟ ನಡೆಯುವುದಿಲ್ಲ. ಕೊಲೆಗಾರ ಪುಸ್ತಕದ ಮೊದಲ ಕಾಲುಭಾಗದೊಳಗೆ ಕಾಣಿಸಿಕೊಳ್ಳಬೇಕು, ಅದೂ ಕೆಲಸವಿದ್ದು. ಬಾಗಿಲು ತೆರೆದು ಮರೆಯಾಗುವ ಆಳನ್ನು ಕೊನೆಯಲ್ಲಿ ಎಳೆದು ತಂದರೆ ಓದುಗರಿಗೆ ಮೋಸವಾದಂತಾಗುತ್ತದೆ. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯವರ 73 ಟಿಪ್ಪಣಿ ಪುಸ್ತಕಗಳು ಉಳಿದುಬಂದಿವೆ. ಒಂದೇ ಕಥೆಗೆ ಬೇರೆ ಬೇರೆಯವರನ್ನು ಕೊಲೆಗಾರರನ್ನಾಗಿ ಹಾಕಿ ನೋಡಿದ ಗೀಚು ಅವುಗಳಲ್ಲಿ ಸಿಗುತ್ತದೆ. ನೀನೂ ಹಾಗೆ ಮಾಡು. ಯಜಮಾನನ ತಮ್ಮ, ಅಡುಗೆಯಾಕೆ, ಅಚ್ಚಿಗೆ ಅಕ್ಷರದ ಮೊಳೆ ಜೋಡಿಸುವವನು, ಲೆಕ್ಕ ಬರೆಯುವವನು, ಒಬ್ಬೊಬ್ಬರಿಗೂ ಅರ್ಧ ಪುಟ. ಯಾರ ಅರ್ಧ ಪುಟದಲ್ಲಿ ಕಾರಣ, ಅವಕಾಶ, ಸುಳ್ಳು ಮೂರೂ ತಾವಾಗಿ ಕೂಡಿಬರುತ್ತವೋ ಅವರನ್ನೇ ಆರಿಸಿಕೋ. ಹೀಗೆ ಒಂದು ವಾರ ಕಳೆದರೂ ಪರವಾಗಿಲ್ಲ.

ಲೆಕ್ಕ ಬರೆಯುವವನೇ ಎಂದಿಟ್ಟುಕೊಂಡು ಬಚ್ಚಿಟ್ಟ ಕಥೆಯನ್ನು ಹೀಗೆ ಕಟ್ಟಬಹುದು. ಎರಡು ವರ್ಷದಿಂದ ಅವನು ಕಾಗದದ ಬಿಲ್ಲುಗಳಲ್ಲಿ ದುಡ್ಡು ಹೊಡೆಯುತ್ತಿದ್ದಾನೆ. ಯಜಮಾನನಿಗೆ ಗೊತ್ತಾಗಿದೆ, ರಾತ್ರಿ ಬಾ ಎಂದು ಕರೆಸಿದ್ದಾನೆ. ಲೆಕ್ಕ ಬರೆಯುವವನು 7ರಿಂದ 8.30ರವರೆಗೆ ವಾಚನಾಲಯದ ಸಭೆಯಲ್ಲಿ ಇಪ್ಪತ್ತು ಜನರ ಎದುರಿಗಿದ್ದ. 9.10ಕ್ಕೆ ಅಚ್ಚುಕೂಟಕ್ಕೆ ಬಂದ. ಮಾತಿಗೆ ಮಾತು ಬೆಳೆಯಿತು, 9.15ಕ್ಕೆ ತಳ್ಳಿದ. ಮುಂಚೆಯೇ ಹಂಚಿಕೆ ಹಾಕಿದ ಕೊಲೆಯಾಗುವುದು ಬೇಡ. ಮರುದಿನ ಪಕ್ಕದ ಮನೆಯ ಟೀಚರು, "ಏಳೂವರೆಗೆ ಕೂಗಾಟ, ಆಮೇಲೆ ಏನೋ ದೊಪ್ಪೆಂದು ಬಿದ್ದದ್ದು ಕೇಳಿಸಿತು" ಎಂದು ಪೊಲೀಸರ ಮುಂದೆ ಹೇಳುತ್ತಾರೆ. ಅವರು ಹೇಳಿದ್ದು ನಿಜವೇ. ಸಾವು ಏಳೂವರೆಗಾಯಿತೆಂದು ಎಲ್ಲರೂ ನಂಬುತ್ತಾರೆ. ಲೆಕ್ಕ ಬರೆಯುವವನು ಅದಕ್ಕೆ ಒಂದೇ ಒಂದು ಸುಳ್ಳು ಸೇರಿಸುತ್ತಾನೆ: "ಎಂಟೂ ಮುಕ್ಕಾಲಿಗೆ ಫೋನ್ ಮಾಡಿದೆ, ಅವರು ಎತ್ತಲಿಲ್ಲ."

ಕೊಲೆಗಾರನಿಗೆ ಒಂದೇ ಸುಳ್ಳು ಸಾಕು ಎಂದು ಗಟ್ಟಿಯಾಗಿ ಹೇಳುತ್ತೇನೆ. ಹತ್ತು ಸುಳ್ಳು ಹೇಳುವವನು ಆರನೇ ಅಧ್ಯಾಯಕ್ಕೇ ಸಿಕ್ಕಿಬೀಳುತ್ತಾನೆ. ಉಳಿದವರಿಗೂ ತಲಾ ಒಂದು ಸುಳ್ಳು ಕೊಡು, ಆದರೆ ಆ ಸುಳ್ಳು ಬೇರೆ ಗುಟ್ಟನ್ನು ಕಾಯುತ್ತಿರಲಿ. ಏಳೂವರೆಯ ಕೂಗಾಟ ಯಾವುದು? ಮೊಳೆ ಜೋಡಿಸುವವನು ಸೀಸದ ಹಳೇ ಮೊಳೆಗಳನ್ನು ತೂಕಕ್ಕೆ ಮಾರಲು ಕದ್ದೊಯ್ಯುತ್ತಿದ್ದ, ಯಜಮಾನ ಕಂಡು ಗದರಿದ, ಪೆಟ್ಟಿಗೆ ಕೈಜಾರಿ ಬಿತ್ತು. ಕಳ್ಳತನ ಹೊರಬೀಳುವ ಭಯಕ್ಕೆ ಅವನು ಅಲ್ಲಿರಲೇ ಇಲ್ಲ ಎನ್ನುತ್ತಾನೆ. ದಾರಿ ತಪ್ಪಿಸುವ ಸುಳಿವು ಹೀಗಿರಬೇಕು. ಅದಕ್ಕೆ ತನ್ನದೇ ಬೇರು, ತನ್ನದೇ ಉತ್ತರ ಇರಬೇಕು. ಕತ್ತಲಲ್ಲಿ ಸುಳಿದ ನೆರಳು ಯಾರದ್ದೆಂದು ನೀನು ಐದನೇ ಅಧ್ಯಾಯದಲ್ಲಿ ಕೇಳಿದ್ದೀಯ, ಉತ್ತರ ನಿನ್ನಲ್ಲೇ ಇಲ್ಲ. ಅದನ್ನು ಹೊಡೆದುಹಾಕು.

ಈಗ ಸುಳಿವಿಗೆ ಬರೋಣ, ಈ ಕಸುಬಿನ ಜೀವ ಇರುವುದು ಇದರಲ್ಲೇ. ಸುಳಿವನ್ನು ಓದುಗರ ಕಣ್ಣೆದುರೇ ಇಡು, ಅದರ ಅರ್ಥವನ್ನು ಮಾತ್ರ ಮರೆಮಾಡು. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಮಾಡಿದರು. ಅವುಗಳಲ್ಲಿ ಹಲವು ಈಗ ಹಳತಾಗಿವೆ. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು ಎಂಬುದು ಮಾತ್ರ ಇಂದಿಗೂ ನಿಂತಿದೆ. ಹಾಗಾದರೆ ಮರೆಮಾಡುವುದು ಹೇಗೆ? ಸುಳಿವನ್ನು ಎರಡಾಗಿ ಸೀಳಿ ದೂರದೂರ ಇಡು.

ನಿನ್ನ ಯಜಮಾನ ರಾತ್ರಿ ಒಂಬತ್ತಕ್ಕೆ, ಊಟಕ್ಕೆ ಮುಂಚೆ, ಒಂದು ಮಾತ್ರೆ ನುಂಗುವವನು. ಅದಕ್ಕೆ ಅಲಾರಂ ಇಟ್ಟುಕೊಂಡಿದ್ದಾನೆ, ಮಾತ್ರೆಗೆ ದಿನಕ್ಕೊಂದು ಖಾನೆಯ ಡಬ್ಬಿ. ನಾಲ್ಕನೇ ಅಧ್ಯಾಯದಲ್ಲಿ ಕೋಣೆಯನ್ನು ನೋಡುವಾಗ ಹೀಗೆ ಬರೆಯಬಹುದು: "ಮೇಜಿನ ಮೇಲೆ ಕನ್ನಡಕ, ಅರ್ಧ ತಿದ್ದಿದ ಕರಡಿನ ಕಟ್ಟು, ಗುರುವಾರದವರೆಗೆ ಖಾಲಿಯಾಗಿದ್ದ ಮಾತ್ರೆ ಡಬ್ಬಿ, ಕೈಯಿಡದ ಊಟದ ತಟ್ಟೆ, ಅದರ ಅಂಚಿಗೆ ಸಾಲುಗಟ್ಟಿದ ಇರುವೆ." ಡಬ್ಬಿ ಪಟ್ಟಿಯ ನಡುವಿದೆ. ಪಟ್ಟಿಯ ಮೊದಲನೆಯದೂ ಕೊನೆಯದೂ ನೆನಪಲ್ಲಿ ಉಳಿಯುತ್ತವೆ, ನಡುವಿನದು ಜಾರುತ್ತದೆ. ಮರುವಾಕ್ಯದಲ್ಲೇ ತಮ್ಮ ಬಾಗಿಲಲ್ಲಿ ಕುಸಿದು ಬೀಳಲಿ, ಓದುಗರ ಕಣ್ಣು ಅತ್ತ ಹೋಗುತ್ತದೆ. ಊಟ ಮುಟ್ಟಿಲ್ಲ ಎಂಬುದು ಏಳೂವರೆಯ ತಪ್ಪು ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಅದು ನಿನಗೆ ಲಾಭ.

ಇನ್ನರ್ಧ ಒಂಬತ್ತನೇ ಅಧ್ಯಾಯಕ್ಕೆ. ಮಾತ್ರೆ ಯಾವಾಗಿನದು ಎಂಬುದನ್ನು ಅಡುಗೆಯಾಕೆ ಸಂಬಳದ ಜಗಳದ ನಡುವೆ ಆಡಿಬಿಡಲಿ: "ಗಂಟೆ ಹೊಡೆಯದೆ ಮಾತ್ರೆ ಮುಟ್ಟೋರಲ್ಲ, ಮಾತ್ರೆ ನುಂಗದೆ ಅನ್ನ ಮುಟ್ಟೋರಲ್ಲ, ನಾನು ಕಾಯ್ತಾ ಕೂರಬೇಕು." ಓದುಗರಿಗೆ ಅಲ್ಲಿ ಕಾಣುವುದು ಅವಳ ಸಿಟ್ಟು.

ಚುರುಕಾದ ಓದುಗರು ತಕರಾರು ತೆಗೆಯುತ್ತಾರೆ: ಆವತ್ತು ಬೇಗನೇ ನುಂಗಿರಬಹುದಲ್ಲ? ಒಂದು ಸುಳಿವಿನ ಮೇಲೆ ಇಡೀ ಉತ್ತರವನ್ನು ನಿಲ್ಲಿಸಿದರೆ ಆಗುವುದೇ ಹೀಗೆ. ಆದ್ದರಿಂದ ಬೇರೆ ದಿಕ್ಕಿನಿಂದ ಇನ್ನೊಂದು ಬೇಕು. ಪಕ್ಕದ ಮನೆಯ ಮಗುವಿಗೆ ಯಜಮಾನನೇ ಅಜ್ಜ, ಅಜ್ಜನ ಅಲಾರಂ ಗಂಟೆ ಹೊಡೆದರೆ ಅದಕ್ಕೆ ಮಲಗುವ ಹೊತ್ತು. ದಿನವೂ ಅಜ್ಜ ಎದ್ದು ನಿಲ್ಲಿಸುವವರೆಗೆ ಅದು ಬಡಿದುಕೊಳ್ಳುತ್ತದೆ. "ಆವತ್ತೂ ಟ್ರಿಂಗ್ ಅಂತು, ಅಜ್ಜ ಬೇಗ ನಿಲ್ಲಿಸಿಬಿಟ್ರು, ನಂಗೆ ಕಥೆ ಕೇಳೋಕೇ ಆಗ್ಲಿಲ್ಲ" ಎಂದು ಮಗು ದೂರಲಿ. ಸತ್ತವನು ಗಂಟೆ ನಿಲ್ಲಿಸಲಾರ, ಕೊಂದವನಿಗೆ ಮಾತ್ರೆ ನುಂಗುವ ಅಗತ್ಯವಿಲ್ಲ. ಎರಡೂ ಸೇರಿದಾಗ ಯಜಮಾನ ಒಂಬತ್ತಕ್ಕೆ ಬದುಕಿದ್ದ ಎಂದಾಗುತ್ತದೆ, ಎಂಟೂ ಮುಕ್ಕಾಲರ ಫೋನು ಸುಳ್ಳಾಗುತ್ತದೆ, ಇಪ್ಪತ್ತು ಜನರ ಸಾಕ್ಷಿಗೆ ಬೆಲೆ ಇಲ್ಲದಾಗುತ್ತದೆ. ನಿನ್ನ ಕಥೆಯ ಕಾಲ ಮೊಬೈಲಿಗೆ ಮುಂಚಿನದಾದ್ದರಿಂದ ಇದು ನಡೆಯುತ್ತದೆ. ಇಂದಿನ ದಿನಕ್ಕೆ ತಂದರೆ ಕರೆಗಳ ದಾಖಲೆ ತೆಗೆಸಿ ಅರ್ಧ ದಿನದಲ್ಲಿ ಮುಗಿಸುತ್ತಾರೆ.

60,000 ಪದಗಳ ಕಾದಂಬರಿಗೆ ಇಂಥ ನಿಜ ಸುಳಿವು ಎಂಟರಿಂದ ಹತ್ತು, ದಾರಿ ತಪ್ಪಿಸುವವು ನಾಲ್ಕೈದು ಸಾಕು. ಒಂದೊಂದಕ್ಕೂ ಒಂದು ಕಾರ್ಡು ಮಾಡು. ಎಲ್ಲಿ ಇಟ್ಟೆ, ಎಲ್ಲಿ ನೆನಪಿಸಿದೆ, ಎಲ್ಲಿ ಬಿಚ್ಚಿದೆ ಎಂದು ಮೂರು ಸಾಲು. ಎರಡನೇ ಸಾಲು ಖಾಲಿ ಉಳಿದ ಸುಳಿವನ್ನು ಓದುಗರು ಮರೆತೇಬಿಡುತ್ತಾರೆ.

ಇದರ ಜೊತೆಗೆ ಒಂದು ಕೋಷ್ಟಕ. ಎಡಗಡೆ ಸಂಜೆ 6ರಿಂದ ನಡುರಾತ್ರಿಯವರೆಗೆ ಕಾಲು ಕಾಲು ಗಂಟೆ, ಮೇಲ್ಗಡೆ ಪಾತ್ರಗಳು. ಪ್ರತಿ ಚೌಕದಲ್ಲೂ ಎರಡು ಸಾಲು: ನಿಜವಾಗಿ ಎಲ್ಲಿದ್ದರು, ಎಲ್ಲಿದ್ದೆವೆಂದು ಹೇಳಿದರು. ಎರಡೂ ಬೇರೆಯಾದ ಕಡೆ ಕೆಂಪು ಗುರುತು ಹಾಕು. ಪಾತ್ರಕ್ಕೊಂದಕ್ಕಿಂತ ಹೆಚ್ಚು ಕೆಂಪು ಬಂದರೆ ಕಥೆ ಗೋಜಲಾಗುತ್ತದೆ. ಎಂಟನೇ ಅಧ್ಯಾಯದಲ್ಲಿ ತಮ್ಮ 7.45ಕ್ಕೆ ಎರಡು ಕಡೆ ಇದ್ದಾನೆ, ನೀನು ಗಮನಿಸಿಲ್ಲ.

ವೈದ್ಯರ ಮಾತಿನಲ್ಲಿ ಒಂದು ತಪ್ಪಿದೆ, ತಿದ್ದು. "ಸರಿಯಾಗಿ ಏಳೂ ಮೂವತ್ತೈದಕ್ಕೆ ಸತ್ತಿದ್ದಾರೆ" ಎಂದು ಯಾವ ವೈದ್ಯರೂ ಹೆಣ ನೋಡಿ ಹೇಳಲಾರರು. ಹೆಣ ಸೆಟೆದುಕೊಳ್ಳುವುದು ಸಾಮಾನ್ಯವಾಗಿ 2ರಿಂದ 4 ಗಂಟೆಯೊಳಗೆ ದವಡೆ, ಕತ್ತಿನಲ್ಲಿ ಗೊತ್ತಾಗುತ್ತದೆ, ಸುಮಾರು 12 ಗಂಟೆಗೆ ಮೈಯೆಲ್ಲ ಬಿಗಿಯುತ್ತದೆ, ಆಮೇಲೆ ನಿಧಾನವಾಗಿ ಸಡಿಲುತ್ತದೆ. ಸೆಕೆಯಲ್ಲಿ ಇದು ಬೇಗ, ಚಳಿಯಲ್ಲಿ ತಡ. ರಕ್ತ ಕೆಳಗಿಳಿದು ಚರ್ಮದ ಮೇಲೆ ಮೂಡುವ ನೇರಳೆ ಕಲೆ ಸುಮಾರು 8ರಿಂದ 12 ಗಂಟೆಯಲ್ಲಿ ಅಚ್ಚಾಗಿ ನಿಲ್ಲುತ್ತದೆ. ಅಷ್ಟರ ಮೇಲೆ ಹೆಣವನ್ನು ಹೊರಳಿಸಿದರೆ ಕಲೆ ಹಳೇ ಜಾಗದಲ್ಲೇ ಉಳಿದು ಗುಟ್ಟು ಹೇಳುತ್ತದೆ. ಬೆಳಿಗ್ಗೆ ಎಂಟಕ್ಕೆ ನೋಡಿದ ವೈದ್ಯರು "ರಾತ್ರಿ ಏಳರಿಂದ ಹನ್ನೊಂದರೊಳಗೆ" ಎನ್ನಲಿ. ಆ ನಾಲ್ಕು ಗಂಟೆಯ ಅಂತರದಲ್ಲೇ ನಿನ್ನ ಇಡೀ ಕಥೆಗೆ ಜಾಗವಿದೆ, ಅದನ್ನು ಕಳೆದುಕೊಳ್ಳಬೇಡ. ಹಾಗೆಯೇ ಕ್ಲೋರೋಫಾರ್ಮ್ ಕರವಸ್ತ್ರ ಮೂಗಿಗೊತ್ತಿದೊಡನೆ ಯಾರೂ ಕುಸಿಯುವುದಿಲ್ಲ, ಅದಕ್ಕೆ ನಿಮಿಷಗಳೇ ಬೇಕು. ಆ ದೃಶ್ಯ ತೆಗೆ.

ನಿನ್ನ ಪತ್ತೇದಾರನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ನಿವೃತ್ತ ಪೊಲೀಸ್ ಅಧಿಕಾರಿ, ಎಲ್ಲ ಬಲ್ಲವನು, ಯಾರಿಗೂ ಹೆದರದವನು. ಅವನಲ್ಲಿ ನನಗೆ ಹಿಡಿಯುವಂಥದ್ದು ಏನೂ ಸಿಗಲಿಲ್ಲ. ನಿನ್ನ ಕೈಯಲ್ಲೇ ಇನ್ನೊಬ್ಬಳಿದ್ದಾಳೆ, ಕರಡು ತಿದ್ದುವವಳು. ಇಡೀ ಹನ್ನೊಂದು ಅಧ್ಯಾಯದಲ್ಲಿ ಅವಳಿಗೆ ಎರಡು ಪುಟ. ಅವಳನ್ನೇ ಮುಂದಕ್ಕೆ ತಾ. ಪತ್ತೇದಾರರ ಕಣ್ಣು ಕಸುಬಿನಿಂದ ಬರುತ್ತದೆ. ಆರ್ಥರ್ ಕಾನನ್ ಡಾಯ್ಲ್ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಎಡಿನ್‌ಬರೋದಲ್ಲಿ ಜೋಸೆಫ್ ಬೆಲ್ ಎಂಬ ಶಸ್ತ್ರವೈದ್ಯರ ಕೈಕೆಳಗಿದ್ದರು. ರೋಗಿ ಬಾಯಿ ಬಿಡುವ ಮುಂಚೆ ನಡಿಗೆ, ಕೈ ನೋಡಿ ಬೆಲ್ ಆ ರೋಗಿಯ ಕಸುಬು ಹೇಳುತ್ತಿದ್ದರು. ಡಾಯ್ಲ್ ಸೃಷ್ಟಿಸಿದ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿ 1887ರಲ್ಲಿ ಅಚ್ಚಾಯಿತು, ಅದರ ಹಿಂದೆ ಆ ಆಸ್ಪತ್ರೆಯ ಕಣ್ಣಿದೆ. ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲಕ್ಕೆ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದರು. ಅವರ ಮೊದಲ ಕಾದಂಬರಿಯ ವಿಷ ಅಲ್ಲಿಂದ ಬಂತು, ಪತ್ತೇದಾರ ಬೆಲ್ಜಿಯಂನವನಾದದ್ದು ಆಗ ವಲಸೆ ಬಂದ ನಿರಾಶ್ರಿತರನ್ನು ಕಂಡು.

ಕರಡು ತಿದ್ದುವವಳ ಕಣ್ಣು ಹೇಗಿರುತ್ತದೆ ಯೋಚಿಸು. ಎಲ್ಲರೂ ಅರ್ಥದ ಹಿಂದೆ ಓಡುವಾಗ ಅವಳು ಅಕ್ಷರದ ಮೇಲೆ ನಿಂತಿರುತ್ತಾಳೆ. ಇರಬೇಕಾದದ್ದು ಇಲ್ಲದಿರುವುದು ಅವಳಿಗೆ ಮೊದಲು ಕಾಣುತ್ತದೆ. ಗುರುವಾರದ ಖಾನೆಯಲ್ಲಿ ಇರಬೇಕಾಗಿದ್ದ ಮಾತ್ರೆ ಇಲ್ಲ ಎಂಬುದು ಅವಳು ಹಿಡಿಯುವಂಥ ತಪ್ಪು. ಅವಳಿಗೊಂದು ಮಿತಿಯನ್ನೂ ಕೊಡು: ಅವಳು ಯಾರನ್ನೂ ವಿಚಾರಣೆ ಮಾಡಲಾರಳು, ಅಧಿಕಾರವಿಲ್ಲ. ಸಾಕ್ಷಿಗಳ ಹೇಳಿಕೆ ಅವಳ ಕೈಗೆ ಬರುವುದು ಹೇಗೆಂದು ನೀನು ದಾರಿ ಮಾಡಬೇಕು. ಆ ಅಡಚಣೆಯೇ ಹನ್ನೆರಡರಿಂದ ಇಪ್ಪತ್ತನೇ ಅಧ್ಯಾಯದವರೆಗೆ ಕಥೆಯನ್ನು ಎಳೆಯುತ್ತದೆ. ನಡುಭಾಗ ಸಪ್ಪೆಯಾಯಿತೆಂದು ಎರಡನೇ ಹೆಣ ಬೀಳಿಸುವ ಆಸೆ ಬೇಡ. ಪ್ರಶ್ನೆಯನ್ನೇ ಬದಲಾಯಿಸು. ಹದಿನೈದನೇ ಅಧ್ಯಾಯದಲ್ಲಿ ಮೊಳೆಗಳ ಕಳ್ಳತನ ಹೊರಬಂದು, ಏಳೂವರೆಯ ಸದ್ದಿಗೆ ಉತ್ತರ ಸಿಗಲಿ. ಅಲ್ಲಿಯವರೆಗೆ "ಯಾರು" ಎನ್ನುತ್ತಿದ್ದ ಕಥೆ ಅಲ್ಲಿಂದ "ಎಷ್ಟು ಹೊತ್ತಿಗೆ" ಎನ್ನತೊಡಗುತ್ತದೆ.

ಬರೆಯುವ ಲೆಕ್ಕ ಸರಳ. ದಿನಕ್ಕೆ 600 ಪದ, 100 ದಿನ. ನಡುವೆ ಹಿಂದಿನ ಅಧ್ಯಾಯ ತಿದ್ದಲು ಹೋಗಬೇಡ, ಬದಲಾವಣೆಯನ್ನು ಬೇರೆ ಹಾಳೆಯಲ್ಲಿ ಗುರುತು ಹಾಕಿಕೋ. ಮುಗಿದ ಮೇಲೆ ಮೊದಲ ತಿದ್ದುಪಡಿಯನ್ನು ಕೊನೆಯ ಅಧ್ಯಾಯದಿಂದ ಹಿಂದಕ್ಕೆ ಓದುತ್ತಾ ಮಾಡು. ಬಿಚ್ಚಿದ ಪ್ರತಿ ಗಂಟಿಗೂ ಹಿಂದೆ ಕಟ್ಟಿದ ಜಾಗ ಇದೆಯೇ ಎಂದು ಹಾಗೆ ಬೇಗ ತಿಳಿಯುತ್ತದೆ. ಕೊನೆಯ ವಿವರಣೆಯನ್ನು ಒಬ್ಬಳೇ ನಿಂತು ಎಂಟು ಪುಟ ಭಾಷಣ ಮಾಡುವಂತೆ ಬರೆಯಬೇಡ. ಅರ್ಧವನ್ನು ಲೆಕ್ಕ ಬರೆಯುವವನ ಬಾಯಿಂದಲೇ ಹೊರಡಿಸು, ಅವನು ತಪ್ಪಿಸಿಕೊಳ್ಳಲು ಹೋಗಿ ಆಡಿದ ಮಾತಿನಲ್ಲಿ.

ಆಮೇಲೆ ಹಸ್ತಪ್ರತಿಯನ್ನು ಮೂವರಿಗೆ ಕೊಡು, ಕೊನೆಯ ಎರಡು ಅಧ್ಯಾಯ ತೆಗೆದಿಟ್ಟು. ಹತ್ತು, ಇಪ್ಪತ್ತು, ಇಪ್ಪತ್ತೆಂಟನೇ ಅಧ್ಯಾಯ ಮುಗಿದಾಗ ಯಾರ ಮೇಲೆ ಅನುಮಾನ, ಏಕೆ ಎಂದು ಬರೆದುಕೊಡಲು ಹೇಳು. ಹತ್ತಕ್ಕೇ ಮೂವರೂ ಲೆಕ್ಕ ಬರೆಯುವವನ ಹೆಸರು ಬರೆದರೆ ಅವನ ಒಳ್ಳೆಯತನವನ್ನು ಅತಿಮಾಡಿದ್ದೀಯ. ಪೂರ್ತಿ ಓದಿದ ಮೇಲೂ ಮಾತ್ರೆ ಡಬ್ಬಿ ಎಲ್ಲಿತ್ತೆಂದು ಒಬ್ಬರಿಗೂ ನೆನಪಾಗದಿದ್ದರೆ ಅತಿಯಾಗಿ ಬಚ್ಚಿಟ್ಟಿದ್ದೀಯ, ಒಂಬತ್ತನೇ ಅಧ್ಯಾಯದ ಆಸುಪಾಸಿನಲ್ಲಿ ಇನ್ನೊಮ್ಮೆ ತೋರಿಸು.

ಈಗಲೇ ಹನ್ನೆರಡಕ್ಕೆ ಕೈಹಾಕಬೇಡ. ಬಚ್ಚಿಟ್ಟ ಕಥೆಯ ನಾಲ್ಕು ಪುಟ, ಕಾಲು ಗಂಟೆಯ ಕೋಷ್ಟಕ, ಇವೆರಡು ಮೊದಲು ಆಗಲಿ. ಕೋಷ್ಟಕವನ್ನು ನನಗೆ ಕಳಿಸು, ತಮ್ಮನ 7.45 ಸರಿಹೋಯಿತೇ ಎಂದು ಮೊದಲು ಅದನ್ನೇ ನೋಡುತ್ತೇನೆ.

ನಿನ್ನ,
ಅಮ್ಮ